ಗೈಡ್‌ಗೆ ಕೇಳಿ: ಅಪ್ಪ ಅಮ್ಮ, ಮಗು ಜೊತೆ ಜುಲೈನಲ್ಲಿ ಆಂಟಲೋಪ್ ಕ್ಯಾನ್ಯನ್

ಪ್ರಶ್ನೆ:
ನಮಸ್ಕಾರ ಸರ್. ಜುಲೈ ಮೂರನೇ ವಾರ ಲಾಸ್ ವೇಗಸ್‌ನಿಂದ ಹೊರಟು ಒಂದೇ ದಿನದಲ್ಲಿ ಆಂಟಲೋಪ್ ಕ್ಯಾನ್ಯನ್ (ಬಂಡೆಗಳ ನಡುವಿನ ಕಿರಿದಾದ ಸೀಳುಕಣಿವೆ) ನೋಡಿಕೊಂಡು ಬರುವ ಯೋಚನೆ ಇದೆ. ನಾನು, ಹೆಂಡತಿ, ಐದು ವರ್ಷದ ಮಗಳು, ಜೊತೆಗೆ ಅಪ್ಪ ಅಮ್ಮ. ಅಮ್ಮನಿಗೆ ಮಂಡಿ ನೋವು. ಅಪ್ಪರ್, ಲೋಯರ್ ಅಂತ ಎರಡಿವೆಯಂತೆ. ಯಾವುದು ಬುಕ್ ಮಾಡಲಿ? ಗೈಡ್ ಇಲ್ಲದೆ ನಾವೇ ಹೋಗೋಕೆ ಆಗಲ್ವಾ? ಏನೇನು ತರಬೇಕು ಅಂತ ಒಂದು ಪಟ್ಟಿ ಕೊಟ್ಟರೆ ಉಪಕಾರ.

ಉತ್ತರ:
ಪಟ್ಟಿ ಚಿಕ್ಕದು. ನೀರಿನ ಬಾಟಲಿ, ಫೋನ್ ಅಥವಾ ಕ್ಯಾಮೆರಾ, ಬೆರಳು ಮುಚ್ಚುವ ಶೂ. ಅಷ್ಟೇ. ಬ್ಯಾಗ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಟ್ರೈಪಾಡ್, ಸೆಲ್ಫಿ ಸ್ಟಿಕ್, ಡ್ರೋನ್ ಕೂಡ ಇಲ್ಲ. ಅಮ್ಮನ ಮಾತ್ರೆ ಜೇಬಿನಲ್ಲಿರಲಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅವತ್ತು ಕನ್ನಡಕ ಹಾಕಿಕೊಳ್ಳಿ. ಮೇಲೆ ಗಾಳಿ ಬೀಸಿದರೆ ನುಣ್ಣನೆ ಮರಳು ಒಳಗೆ ಉದುರುತ್ತಾ ಇರುತ್ತದೆ. ರಾತ್ರಿ ತಲೆ ತೊಳೆಯುವಾಗಲೂ ಮರಳು ಬರುತ್ತದೆ, ಬೇಕಾದರೆ ನೋಡಿ.

ಗೈಡ್ ಇಲ್ಲದೆ ಹೋಗುವ ಹಾಗೇ ಇಲ್ಲ. ಅರಿಝೋನಾದ ಪೇಜ್ ಊರಿನ ಪಕ್ಕದ ಆ ಜಾಗ ನವಾಹೋ ನೇಷನ್‌ಗೆ, ಅಂದರೆ ನವಾಹೋ ಮೂಲನಿವಾಸಿಗಳ ಸ್ವಂತ ಆಡಳಿತದ ನೆಲಕ್ಕೆ ಸೇರಿದ್ದು. ಅವರ ಅನುಮತಿ ಇರುವ ಟೂರ್‌ನವರ ಜೊತೆಗೇ ಹೋಗಬೇಕು. ನಾನು ವ್ಯಾನ್‌ನಲ್ಲಿ ಜನರನ್ನು ಕರೆದುಕೊಂಡು ಹೋಗುವವನು. ನಾನೂ ಅಲ್ಲಿ ಅವರ ಗೈಡ್ ಹಿಂದೆಯೇ ನಡೆಯುತ್ತೇನೆ. ಬುಕ್ ಮಾಡುವಾಗ ನವಾಹೋ ಪರ್ಮಿಟ್ ಶುಲ್ಕ ಟಿಕೆಟ್‌ನಲ್ಲೇ ಸೇರಿದೆಯಾ ಅಂತ ನೋಡಿಕೊಳ್ಳಿ.

ಅಮ್ಮನ ಮಂಡಿ ನೋಡಿದರೆ ಲೋಯರ್ ಬೇಡ. ಅದು ಮೇಲೆ ಅಗಲ, ಕೆಳಗೆ ಇಕ್ಕಟ್ಟು. ಕಡಿದಾದ ಕಬ್ಬಿಣದ ಮೆಟ್ಟಿಲಲ್ಲಿ ಇಳಿಯಬೇಕು. ಕೆಲವು ಕಡೆ ಒಂದು ಪಾದ ಇಡುವಷ್ಟೇ ಜಾಗ. ಅಪ್ಪರ್ ಇದಕ್ಕೆ ಉಲ್ಟಾ. ಕೆಳಗೆ ಅಗಲ, ಮೇಲೆ ಸೀಳು. ಒಳಗೆ ಮರಳಿನ ಸಮನೆಲ. ಆದರೆ ಅಲ್ಲೂ ಈಗ ದಾರಿ ಒನ್ ವೇ. ವಾಪಸ್ ಬರುವಾಗ ಹೊರಗಿನಿಂದ ಮೆಟ್ಟಿಲು, ಇಳಿಜಾರು ದಾಟಿಕೊಂಡು ಬರಬೇಕು. ಟೂರ್‌ನವರಿಗೆ ಫೋನ್ ಮಾಡಿ ಅಮ್ಮನ ವಿಷಯ ಮುಚ್ಚಿಡದೆ ಹೇಳಿ. ಕ್ಯಾನ್ಯನ್‌ವರೆಗೆ ಅವರ ಗಾಡಿಯಲ್ಲೇ ಮರಳಿನ ಹಳ್ಳದಲ್ಲಿ ಕುಲುಕಾಡಿಕೊಂಡು ಹೋಗಬೇಕು. ಮಗಳಿಗೆ ಬೂಸ್ಟರ್ ಸೀಟ್ ಬೇಕಾ ಅಂತ ಅದನ್ನೂ ಕೇಳಿ.

ಪ್ರಶ್ನೆ:
ಜುಲೈ ಅಂದರೆ ಅಲ್ಲಿ ಮಳೆಗಾಲ ಅಂತ ಯಾರೋ ಹೆದರಿಸಿದರು. ಆ ದಿನ ಪೇಜ್‌ನಲ್ಲಿ ಬಿಸಿಲು ಅಂತ ಆಪ್ ತೋರಿಸಿದರೆ ಸಾಕಲ್ವಾ?

ಉತ್ತರ:
ಸಾಲದು. ಪಟ್ಟಿಗಿಂತ ಇದನ್ನೇ ನೆನಪಿಟ್ಟುಕೊಳ್ಳಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತಿರುತ್ತದೆ. ನಿಮ್ಮ ನೆತ್ತಿಯ ಮೇಲೆ ಒಂದು ಹನಿ ಬೀಳದಿದ್ದರೂ ಎಷ್ಟೋ ಮೈಲಿ ಆಚೆ ಸುರಿದ ನೀರು ಈ ಸೀಳಿಗೆ ಬರುತ್ತದೆ. ಅಲ್ಲಿ ನೀರು ಹೀರುವ ಮಣ್ಣು ಕಮ್ಮಿ, ಬೋಳು ಬಂಡೆ ಜಾಸ್ತಿ. ಬಿದ್ದ ನೀರೆಲ್ಲ ಹಳ್ಳಕ್ಕೆ ಜಾರಿ, ಮರಳು ಹೊತ್ತುಕೊಂಡು ನುಗ್ಗುತ್ತದೆ. ಗೋಡೆಗಳಿಗೆ ಆ ಅಲೆಅಲೆಯ ಆಕಾರ ಬಂದಿದ್ದೂ ಅದೇ ಪ್ರವಾಹದಿಂದ. ಅಪ್ಪರ್ ಕ್ಯಾನ್ಯನ್‌ನ ನವಾಹೋ ಹೆಸರಿನ ಅರ್ಥವೇ ಬಂಡೆಗಳ ನಡುವೆ ನೀರು ಹರಿಯುವ ಜಾಗ ಅಂತ.

1997ರ ಆಗಸ್ಟ್ 12ರಂದು ಲೋಯರ್‌ನಲ್ಲಿ ಹೀಗೇ ಆಗಿ 11 ಪ್ರವಾಸಿಗರು ಪ್ರಾಣ ಕಳೆದುಕೊಂಡರು. ಬದುಕಿದ್ದು ಅವರ ಗೈಡ್ ಒಬ್ಬರೇ. ಕ್ಯಾನ್ಯನ್ ಹತ್ತಿರ ಅವತ್ತು ಅಂಥ ಮಳೆಯೇನೂ ಇರಲಿಲ್ಲ. ಆಗ ಇದ್ದ ಮರದ ಏಣಿಗಳು ನೀರಿನ ಜೊತೆ ಕೊಚ್ಚಿಹೋದವು. ಈಗಿನ ಕಬ್ಬಿಣದ ಮೆಟ್ಟಿಲು, ಹವಾಮಾನ ರೇಡಿಯೋ, ಎಚ್ಚರಿಕೆಯ ಸೈರನ್ ಎಲ್ಲ ಆಮೇಲೆ ಬಂದಿದ್ದು.

ಹೆದರಿಸಲು ಹೇಳುತ್ತಿಲ್ಲ. ಆಕಾಶ ನೀಲಿ ಇರುವಾಗಲೇ ಟೂರ್ ರದ್ದು ಮಾಡಿದರೆ ಕೌಂಟರ್‌ನಲ್ಲಿ ಜಗಳ ಆಡುವವರನ್ನು ನೋಡಿದ್ದೇನೆ. ನೀವು ಆ ಸಾಲಿನಲ್ಲಿ ನಿಲ್ಲಬೇಡಿ. ಆದಷ್ಟು ಬೆಳಗಿನ ಸ್ಲಾಟ್ ತೆಗೆದುಕೊಳ್ಳಿ.

ಪ್ರಶ್ನೆ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ ಸರ್. ನಾವು ಡಿಸೆಂಬರ್‌ನಲ್ಲಿ ಹೋಗುತ್ತಿದ್ದೇವೆ. ಅಲ್ಲಿ ಟೈಮ್ ಝೋನ್ ಗೊಂದಲ ಇದೆಯಂತೆ?

ಉತ್ತರ:
ಇದೆ, ನೀವು ಹೋಗುವಾಗ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ವೇಗಸ್‌ಗೂ ಪೇಜ್‌ಗೂ ಒಂದೇ ಸಮಯ. ಚಳಿಗಾಲದಲ್ಲಿ ಪೇಜ್ ಒಂದು ಗಂಟೆ ಮುಂದೆ. ವೇಗಸ್‌ನಲ್ಲಿ ಹತ್ತು ಅಂದರೆ ಅಲ್ಲಿ ಆಗಲೇ ಹನ್ನೊಂದು. ಒಮ್ಮೆ ನನ್ನ ವ್ಯಾನ್ ಬೇಡ ಅಂತ ಸ್ವಂತ ಕಾರಲ್ಲಿ ಬಂದ ಒಂದು ಕುಟುಂಬ ನಗುನಗುತ್ತಾ ಕೌಂಟರ್ ಮುಂದೆ ನಿಂತಿತ್ತು. ಅವರ ಟೂರ್ ಹೊರಟು ಮುಕ್ಕಾಲು ಗಂಟೆ ಆಗಿತ್ತು. ತಡವಾಗಿ ಬಂದವರಿಗೆ ದುಡ್ಡು ವಾಪಸ್ ಸಿಗುವುದು ಕಷ್ಟ.

ಜುಲೈನವರಿಗೂ ಒಂದು ಮಾತು. ಅರಿಝೋನಾ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದಿಲ್ಲ, ನವಾಹೋ ನೇಷನ್ ಮತ್ತು ಪಕ್ಕದ ಯೂಟಾ ರಾಜ್ಯ ಇಡುತ್ತವೆ. ಪೇಜ್ ಹತ್ತಿರ ಫೋನ್ ಯಾವ ಟವರ್ ಹಿಡಿಯುತ್ತದೋ ಆ ಸಮಯ ತೋರಿಸುತ್ತದೆ. ಆಂಟಲೋಪ್ ಟೂರ್‌ಗಳು ನಡೆಯುವುದು ಪೇಜ್ ಸಮಯಕ್ಕೆ. ಫೋನ್‌ನಲ್ಲಿ ಆಟೋ ಆಫ್ ಮಾಡಿ ಫೀನಿಕ್ಸ್ (ಅರಿಝೋನಾದ ರಾಜಧಾನಿ) ಸಮಯ ಇಟ್ಟುಬಿಡಿ.

ಪ್ರಶ್ನೆ:
ಫೋಟೋದಲ್ಲಿ ಕಾಣುವ ಆ ಬೆಳಕಿನ ಕೋಲು ಬೆಳಗ್ಗೆ ಸಿಗುತ್ತಾ ಸರ್?

ಉತ್ತರ:
ಬೆಳಗ್ಗೆ ಸಿಗಲ್ಲ. ಅದು ಅಪ್ಪರ್‌ನಲ್ಲಿ, ಬೇಸಿಗೆ ತಿಂಗಳುಗಳಲ್ಲಿ ಸೂರ್ಯ ನೆತ್ತಿಗೆ ಬಂದಾಗ. ಆ ಹೊತ್ತಿನ ಟಿಕೆಟ್‌ಗೆ ರೇಟೂ ಜಾಸ್ತಿ, ನೂಕುನುಗ್ಗಲೂ ಜಾಸ್ತಿ. ನನ್ನನ್ನು ಕೇಳಿದರೆ ಬೆಳಗಿನ ಓರೆ ಬೆಳಕೇ ಚೆಂದ. ಒಂದು ಗೋಡೆಗೆ ಬಿದ್ದ ಬಿಸಿಲು ಎದುರು ಗೋಡೆಗೆ ಚಿಮ್ಮಿ ಕಿತ್ತಳೆ ಬಣ್ಣ ಬರುತ್ತದೆ. ಮೂಲೆಯ ನೆರಳು ನೇರಳೆಯಾಗಿರುತ್ತದೆ. ಫ್ಲ್ಯಾಶ್ ಹಾಕಿದರೆ ಆ ಬಣ್ಣವೆಲ್ಲ ಸತ್ತುಹೋಗುತ್ತದೆ. ಫೋನ್‌ನಲ್ಲಿ ಬೆಳಕಿರುವ ಭಾಗವನ್ನು ಒತ್ತಿ, ಆಮೇಲೆ ಕ್ಲಿಕ್ ಮಾಡಿ. ಕ್ಯಾಮೆರಾದವರು ಒಳಗೆ ಲೆನ್ಸ್ ಬದಲಿಸಬೇಡಿ.

ಪ್ರಶ್ನೆ (ಮೊದಲು ಕೇಳಿದವರು):
ಬೆಳಗಿನ ಸ್ಲಾಟ್ ಅಂದರೆ ವೇಗಸ್‌ನಿಂದ ರಾತ್ರಿಯೇ ಹೊರಡಬೇಕಲ್ವಾ ಸರ್? ಮಗಳು, ಅಮ್ಮ ತಡೆದುಕೊಳ್ಳುತ್ತಾರಾ?

ಉತ್ತರ:
ಅದೇ ಕಷ್ಟ. ಒಂದು ಕಡೆಗೇ ಸುಮಾರು 435 ಕಿಲೋಮೀಟರ್, ನಾಲ್ಕೂವರೆ ಗಂಟೆ. ಹೋಗಿ ಬರುವುದಕ್ಕೇ ಒಂಬತ್ತು ಗಂಟೆ ಸೀಟಿನಲ್ಲಿ ಕೂತರೆ ಅಮ್ಮನ ಮಂಡಿ ಗತಿ? ಹುಡುಗರ ಗುಂಪಾಗಿದ್ದರೆ ಹೋಗಿ ಅನ್ನುತ್ತಿದ್ದೆ. ನೀವು ಹಿಂದಿನ ಸಂಜೆಯೇ ಪೇಜ್‌ಗೆ ಬಂದು ಮಲಗಿ. ಬೆಳಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು, ಟೂರ್‌ಗೆ ಮುಂಚೆಯೇ ಟಾಯ್ಲೆಟ್ ಮುಗಿಸಿಕೊಂಡು ಹೋಗಿ. ಕ್ಯಾನ್ಯನ್ ಒಳಗೆ ಅದು ಇಲ್ಲ. ಕೊನೆಗೆ ನವಾಹೋ ಗೈಡ್‌ಗೆ ಟಿಪ್ ಕೊಡುವುದು ರೂಢಿ. ಚಿಲ್ಲರೆ ನೋಟು ಜೇಬಿನಲ್ಲಿರಲಿ.

ಕೊಲೊರಾಡೋ ನದಿ ಕುದುರೆ ಲಾಳದ ಹಾಗೆ ತಿರುಗುವ ಹಾರ್ಸ್‌ಶೂ ಬೆಂಡ್ ಕೂಡ ಅಲ್ಲೇ ಪಕ್ಕದಲ್ಲಿದೆ. ಪಾರ್ಕಿಂಗ್‌ನಿಂದ ಹೋಗಿ ಬರಲು ಎರಡೂವರೆ ಕಿಲೋಮೀಟರ್‌ನಷ್ಟು ನಡಿಗೆ, ದಾರಿಯಲ್ಲಿ ನೆರಳು ಅನ್ನುವುದೇ ಅಪರೂಪ. ಕ್ಯಾನ್ಯನ್ ಮುಗಿಸಿ ಮಧ್ಯಾಹ್ನದ ಬಿಸಿಲಿಗೆ ಅಲ್ಲಿಗೆ ಹೋಗಬೇಡಿ. ಹಿಂದಿನ ಸಂಜೆ ಬಂದ ಹಾಗೆಯೇ ನೋಡಿಬಿಡಿ. ಮಗಳ ಕೈ ಮಾತ್ರ ಬಿಡಬೇಡಿ, ಪ್ರಪಾತದ ಅಂಚಿಗೆಲ್ಲ ಕಂಬಿ ಹಾಕಿಲ್ಲ.