ಅಪ್ಪ-ಅಮ್ಮನ ಜೊತೆ ಕೂತು ನೋಡೋಕೆ ಪ್ಯಾಲೆಸ್ತೀನ್ ಸಿನಿಮಾ ಯಾವುದು? ನೋಡಿರೋರು ಹೇಳಿ

ಅಪ್ಪ ರಿಟೈರ್ಡ್ ಹೆಡ್‌ಮಾಸ್ಟ್ರು. ದಿನಾ ನ್ಯೂಸ್ ನೋಡಿ ‘ಅಲ್ಲಿ ಜನ ಹೆಂಗೆ ಬದುಕ್ತಾರೋ’ ಅಂತ ಕೇಳ್ತಾರೆ, ನಂಗೆ ಹೇಳೋಕೆ ಬರಲ್ಲ. ಬಾಂಬು-ರಕ್ತ ಬೇಡ, ಅಮ್ಮಂಗೆ ಬಿಪಿ. ಒಂದು ಸಂಸಾರದ ಕಥೆ ಥರ ಏನಾದ್ರೂ ಇದ್ಯಾ?

—

ಹೆಡ್‌ಮಾಸ್ಟ್ರು ಅಂದ್ರಲ್ಲ, ಹಂಗಾದ್ರೆ ‘ಪ್ರೈವೇಟ್’ (2004) ನೋಡ್ಲೇಬೇಕು. ಮೇಷ್ಟ್ರು, ಹೆಂಡ್ತಿ, ಐದು ಮಕ್ಕಳು. ಇಸ್ರೇಲಿ ಸೈನಿಕರು ಬಂದು ಮನೆ ಮಹಡಿ ಹಿಡ್ಕೊಂಡು, ಕತ್ತಲಾದ್ಮೇಲೆ ಇವ್ರನ್ನೆಲ್ಲ ಕೆಳಗಿನ ಒಂದೇ ಕೋಣೆಗೆ ಹಾಕಿ ಹೊರಗಿಂದ ಬೀಗ ಜಡೀತಾರೆ, ಹೆಂಡ್ತಿ ಹೋಗೋಣ ಅಂತಾಳೆ, ಮಕ್ಕಳಲ್ಲಿ ಒಬ್ಬೊಬ್ರದ್ದು ಒಂದೊಂದು ಸಿಟ್ಟು, ಮೇಷ್ಟ್ರು ಮಾತ್ರ ಮನೆ ಬಿಡಲ್ಲ ಅಂತ ಕೂತಿರ್ತಾರೆ. ಅಷ್ಟೇ ಕಥೆ. ನಮ್ಮಮ್ಮ ಅರ್ಧದಲ್ಲಿ ಕೇಳಿದ್ದು ಒಂದೇ, ‘ರಾತ್ರಿ ಮಕ್ಕಳು ಬಚ್ಚಲಿಗೆ ಹೋಗ್ಬೇಕಂದ್ರೆ?’ ಅಂತ. ನಾನು ಆಕ್ರಮಣ, 1967ರ ಯುದ್ಧ, ಅದ್ರಲ್ಲಿ ಇಸ್ರೇಲ್ ಹಿಡ್ಕೊಂಡ ವೆಸ್ಟ್ ಬ್ಯಾಂಕು ಅಂತೆಲ್ಲ ಅರ್ಧ ಗಂಟೆ ಕೊರೆದಿದ್ದೆ ಮೊದ್ಲು, ಅದ್ಯಾವುದೂ ತಲೆಗೆ ಹೋಗಿರ್ಲಿಲ್ಲ. ಅದಕ್ಕೇ ಹೇಳ್ತೀನಿ, ಸಿನಿಮಾಗೆ ಮುಂಚೆ ಪಾಠ ಮಾಡ್ಬೇಡಿ, ಅವ್ರು ಕೇಳಿದ್ಮೇಲೆ ಹೇಳಿ.

ಒಂದು ಎಚ್ಚರಿಕೆ, ಕ್ಯಾಮೆರಾ ಕೈಯಲ್ಲಿ ಹಿಡ್ದು ತೆಗೆದಿದ್ದು, ಅಲ್ಲಾಡುತ್ತೆ, ರಾತ್ರಿ ಸೀನ್‌ಗಳಲ್ಲಿ ಕತ್ತಲು. ಹಗಲಲ್ಲಿ ಕಿಟಕಿ ತೆಗೆದಿಟ್ಟು ಸಿನಿಮಾ ಹಾಕಿದ್ರೆ ಟಿವಿಯಲ್ಲಿ ಬರೀ ನಿಮ್ ಮುಖಾನೇ ಕಾಣೋದು, ನಂಗಾಗಿದ್ದು ಅದೇ. ಅರೇಬಿಕ್, ಹೀಬ್ರೂ, ಇಂಗ್ಲಿಷ್ ಮೂರೂ ಇದೆ. ತೆಗೆದಿದ್ದು ಇಟಲಿಯವ್ರು, ಸವೇರಿಯೋ ಕೊಸ್ತಾಂಜೊ, ಲೊಕಾರ್ನೋ ಫಿಲ್ಮ್ ಫೆಸ್ಟಿವಲ್‌ನ ದೊಡ್ಡ ಪ್ರಶಸ್ತಿ ಗೋಲ್ಡನ್ ಲೆಪರ್ಡ್ ಬಂತು, ಆದ್ರೆ ಇಟಲಿ ಆಸ್ಕರ್‌ಗೆ ಕಳ್ಸಿದ್ರೆ ‘ಇಟಾಲಿಯನ್ ಮಾತೇ ಇಲ್ವಲ್ಲ’ ಅಂತ ವಾಪಸ್ ಮಾಡಿದ್ರು. ಏನ್ ಹೇಳ್ಬೇಕು ಇದಕ್ಕೆ.

—

ಅದು ಹಿರಿಯರಿಗೆ ಸ್ವಲ್ಪ ಉಸಿರು ಕಟ್ಟಿಸುತ್ತೆ. ‘ದಿ ಪ್ರೆಸೆಂಟ್’ (2020) ಇಂದ ಶುರು ಮಾಡಿ, ಅರ್ಧ ಗಂಟೆನೂ ಇಲ್ಲ. ಮದುವೆ ವಾರ್ಷಿಕೋತ್ಸವಕ್ಕೆ ಹೆಂಡ್ತಿಗೆ ಹೊಸ ಫ್ರಿಜ್ ತರೋಕೆ ಅಪ್ಪ ಪುಟ್ಟ ಮಗಳನ್ನ ಕರ್ಕೊಂಡು ಹೋಗ್ತಾನೆ, ಮಧ್ಯೆ ಇಸ್ರೇಲಿ ಸೈನಿಕರ ಚೆಕ್‌ಪೋಸ್ಟ್. ಬೆನ್ನು ನೋವು ಬೇರೆ ಅವ್ನಿಗೆ. ಮಗಳ ಮುಂದೆ ಅವ್ನ ಮರ್ಯಾದೆ ಒಂದೊಂದೇ ಹೋಗೋದು ನೋಡಿ ನಮ್ ಮಾವ, ಸಿನಿಮಾ ಅಂದ್ರೆ ನಿದ್ದೆ ಮಾಡೋರು, ಎದ್ದು ಕೂತ್ರು. ಸಬ್‌ಟೈಟಲ್ ಇಲ್ದೆನೂ ಮುಕ್ಕಾಲು ಅರ್ಥ ಆಗುತ್ತೆ. ಬ್ರಿಟನ್ನಿನ ಬಾಫ್ಟಾ ಸಿನಿಮಾ ಪ್ರಶಸ್ತಿ ಬಂದಿದೆ. ಇದರ ಹೀರೋ ಸಾಲೆಹ್ ಬಕ್ರಿ, ಮೇಲೆ ಹೇಳಿದ ಪ್ರೈವೇಟ್‌ನಲ್ಲಿ ಮೇಷ್ಟ್ರ ಪಾತ್ರ ಮಾಡಿದ ಮೊಹಮ್ಮದ್ ಬಕ್ರಿ ಅವ್ರ ಮಗ!

—

ನಾವು ಹುಬ್ಬಳ್ಳ್ಯಾಗ ಮನ್ಯಾಗ ನೋಡಿದ್ದು ‘200 ಮೀಟರ್ಸ್’. ಗಂಡ ಇಸ್ರೇಲ್ ಕಟ್ಟಿದ ಗಡಿ ಗೋಡೆ ಈ ಕಡೆ, ಹೆಂಡ್ತಿ ಮಕ್ಕಳು ಆ ಕಡೆ, ನಡುವ ಬರೇ 200 ಮೀಟರ್. ರಾತ್ರಿ ಮಕ್ಕಳಿಗೆ ಗುಡ್‌ನೈಟ್ ಹೇಳಾಕ ಬಾಲ್ಕನ್ಯಾಗ ನಿಂತು ಲೈಟ್ ಹಚ್ಚಿ ಆರಸ್ತಾನ, ಅತ್ಲಾಗಿಂದ ಅವರೂ ಹಂಗ ಮಾಡ್ತಾರ. ನಮ್ಮವ್ವ ಅದನ್ನ ನೋಡಿ ಸುಮ್ನ ಕುಂತ್ಲು. ಮಗ ದವಾಖಾನಿ ಸೇರಿದಾಗ ಆ ಕಡೆ ದಾಟೂ ಪರ್ಮಿಟ್ ಕಾರ್ಡ್ ಮುಗಿದೈತಿ, ಕಳ್ಳ ದಾರೀಲೆ ದುಡ್ಡು ಕೊಟ್ಟು ಸುತ್ತು ಹೊಡದು ಹೋಗ್ಬೇಕು. ನಡುವ ಸ್ವಲ್ಪ ಎಳದಾರ, ಸುಳ್ಳ್ಯಾಕ ಹೇಳ್ಲಿ. ಆದ್ರ ರಕ್ತ-ಗಿಕ್ತ ಹೆಚ್ಚಿಲ್ಲ, ನಿಮ್ಮವ್ವಾರಿಗೆ ನಡೀತೈತಿ.

—

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಫ್ರಿಜ್ಜಿಂದು ಹಾಕ್ತೀನಿ, ಅಪ್ಪ ತಡ್ಕೊಂಡ್ರೆ ಆಮೇಲೆ ಮೇಷ್ಟ್ರದ್ದು. ಅಮ್ಮಂಗೆ ಇಂಗ್ಲಿಷ್ ಓದೋಕೆ ಬರಲ್ಲ, ಕಥೆ ಮೊದ್ಲೇ ಹೇಳ್ಬಿಡ್ಲಾ?

—

ಹೇಳಿ, ಪರ್ವಾಗಿಲ್ಲ. ಫ್ರಿಜ್ ಚೆಕ್‌ಪೋಸ್ಟ್‌ಗೆ ಬಂದ್ಮೇಲೆ ಆ ಹುಡುಗಿ ಏನ್ ಮಾಡ್ತಾಳೆ ಅನ್ನೋದೊಂದು ಬಿಟ್ಟು.