ಮಂಗನ ಕಾಯಿಲೆ ಇಟ್ಟುಕೊಂಡು ಜೀವಶಾಸ್ತ್ರ: ಎಲ್ಲಿಂದ ಶುರುಮಾಡಲಿ?

ವಿಜ್ಞಾನ ಶಿಕ್ಷಕಿ, ತೀರ್ಥಹಳ್ಳಿ:
ಒಂಬತ್ತನೇ ತರಗತಿಗೆ ಜೀವನಚಕ್ರ, ಪ್ರಾಣಿಗಳ ಪರಸ್ಪರ ಸಂಬಂಧ, ರೋಗನಿರೋಧಕ ಶಕ್ತಿ ಮೂರನ್ನೂ ಮಂಗನ ಕಾಯಿಲೆಯ (ಕಾಡಿನ ಉಣುಗು ಕಚ್ಚಿ ಬರುವ ವೈರಸ್ ಜ್ವರ) ಮೂಲಕವೇ ಹೇಳಿಕೊಡಬೇಕೆಂದಿದ್ದೇನೆ. ಇರುವುದು ನಾಲ್ಕು ಪೀರಿಯಡ್. ವೈರಸ್‌ನಿಂದ ಶುರುಮಾಡಲೋ, ಮಂಗನಿಂದಲೋ? ಉಣುಗು ಹಿಡಿದು ತಂದು ತೋರಿಸಬಹುದಾ?

ಉತ್ತರ 1, ಸಾಗರ:
ಮೇಡಂ, ಉಣುಗು ಹಿಡಿಯೋದು ಬೇಡವೇ ಬೇಡ. ಯಾವುದರಲ್ಲಿ ವೈರಸ್ ಇದೆ ಅಂತ ಕಣ್ಣಿಗೆ ತಿಳಿಯೋದಿಲ್ಲ. ಚಿತ್ರ ಸಾಕು, ಆದರೆ ಪಾಠ ಮಾತ್ರ ಉಣುಗಿನಿಂದಲೇ ಶುರುವಾಗಲಿ. ಮಂಗನಿಂದ ಶುರುಮಾಡಿದರೆ ಹೆಸರೇ ದಾರಿ ತಪ್ಪಿಸುತ್ತದೆ, ಮಂಗ ಕಚ್ಚಿದರೆ ರೋಗ ಅಂತ ಮಕ್ಕಳು ಬರೆದುಬಿಡುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಿದ್ದಕ್ಕೆ ಈ ಹೆಸರು ಬಂತು. ಮಂಗವೂ ನಮ್ಮ ಹಾಗೇ ಕಾಯಿಲೆ ಬೀಳುವ ಪ್ರಾಣಿ.

ಬೋರ್ಡಿನ ಮೇಲೆ ಹನ್ನೆರಡು ತಿಂಗಳು ಬರೆಯಿರಿ. ಮಳೆಗಾಲ ಮುಗಿಯುತ್ತಿದ್ದಂತೆ ಆರು ಕಾಲಿನ ಮರಿ, ಡಿಸೆಂಬರ್‌ನಿಂದ ಮೇವರೆಗೆ ಎಂಟು ಕಾಲಿನ ನಿಂಫ್ (ಮರಿಗೂ ಬೆಳೆದ ಉಣುಗಿಗೂ ನಡುವಿನ ಹಂತ), ಮಳೆ ಹಿಡಿದ ಮೇಲೆ ಬೆಳೆದ ಉಣುಗು. ಮನುಷ್ಯರಿಗೆ ರೋಗ ದಾಟಿಸುವುದು ಮುಖ್ಯವಾಗಿ ನಿಂಫ್. ಅದರ ಕೆಳಗೆ, ಮನೆಯವರು ದರಗು (ಒಣಗಿ ಬಿದ್ದ ಎಲೆ) ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ತಿಂಗಳುಗಳನ್ನು ಮಕ್ಕಳೇ ಬರೆಯಲಿ. ಎರಡು ಸಾಲೂ ಒಂದರ ಮೇಲೊಂದು ಕೂರುವುದು ಅವರಿಗೇ ಕಾಣುತ್ತದೆ.

ಉತ್ತರ 2, ಹೊಸನಗರ:
ದನದ ಪಾತ್ರ ಬಿಟ್ಟುಹೋಗಬಾರದು, ಮಕ್ಕಳು ಎಡವುವುದೇ ಅಲ್ಲಿ. 20 ಹುಣಸೆಬೀಜ ತಗೊಳ್ಳಿ, 2ಕ್ಕೆ ಸುಣ್ಣದ ಚುಕ್ಕೆ ಇಡಿ, ಅವು ವೈರಸ್ ಇರುವ ಉಣುಗು. ಬಟ್ಟಲು ಎರಡು: ಮಂಗ, ದನ. ಪ್ರತಿ ಸುತ್ತಿಗೆ ಕಣ್ಣು ಮುಚ್ಚಿ ಎರಡಕ್ಕೂ ಐದೈದು ಬೀಜ ಒಂದೊಂದಾಗಿ ಹಾಕಲಿ. ಮಂಗನ ಬಟ್ಟಲಿಗೆ ಚುಕ್ಕೆಯದು ಬಿದ್ದರೆ ಆಮೇಲೆ ಬೀಳುವುದಕ್ಕೆಲ್ಲ ಚುಕ್ಕೆ. ದನದ ಬಟ್ಟಲಲ್ಲಿ ಚುಕ್ಕೆ ದಾಟುವುದಿಲ್ಲ, ಆದರೆ ಒಂದೊಂದು ಬೀಜಕ್ಕೂ ಹೊಸದಾಗಿ ಐದು ಬರೀ ಬೀಜ ರಾಶಿಗೆ ಸೇರುತ್ತದೆ. ದನ ವೈರಸ್ ಹೆಚ್ಚಿಸದು, ಉಣುಗಿಗೆ ರಕ್ತ ಕೊಟ್ಟು ಸಂಖ್ಯೆ ಹೆಚ್ಚಿಸುತ್ತದೆ. ಶುರುವಿಗೇ ಏಳೆಂಟಕ್ಕೆ ಚುಕ್ಕೆ ಇಟ್ಟರೆ ಆಟ ಕೆಡುತ್ತದೆ, ಎರಡನೇ ಸುತ್ತಿಗೇ ಎಲ್ಲೆಲ್ಲೂ ಚುಕ್ಕೆ.

ಉತ್ತರ 3, ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ:
ರೋಗನಿರೋಧಕ ಶಕ್ತಿಗೆ ಎರಡು ಗೆರೆ ಎಳೆಯಿರಿ: ಇಳಿಯುವ ವೈರಸ್, ಅದರ ವಿರುದ್ಧ ದೇಹ ತಯಾರಿಸುವ, ಏರುವ ಪ್ರತಿಕಾಯ. ಜ್ವರದ ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಎಂಬ ರಕ್ತಪರೀಕ್ಷೆ ವೈರಸ್ಸನ್ನೇ ಹುಡುಕುತ್ತದೆ, ಐದಾರು ದಿನದ ಮೇಲೆ ಎಲೈಸಾ ಎಂಬ ಪರೀಕ್ಷೆ ಐಜಿಎಂ (ಸೋಂಕಿನ ಶುರುವಿನಲ್ಲಿ ಮೊದಲು ಹುಟ್ಟುವ) ಪ್ರತಿಕಾಯ ಹುಡುಕುತ್ತದೆ. ಎರಡನೇ ದಿನವೇ ಎಲೈಸಾ ಮಾಡಿ ನೆಗೆಟಿವ್ ಬಂದರೆ ಏನರ್ಥ ಅಂತ ಕೇಳಿ, ಗೆರೆ ನೋಡಿಯೇ ಉತ್ತರಿಸುತ್ತಾರೆ.

ಇನ್ನೊಂದು ಮಾತು, ದಯವಿಟ್ಟು ಮೊದಲ ಪೀರಿಯಡ್‌ನಲ್ಲೇ ಹೇಳಿ: ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿ ಇರುವ ಮನೆಯ ಮಗುವಿನ ಪಕ್ಕ ಕೂರಲು ಯಾರೂ ಹೆದರಬೇಕಿಲ್ಲ. ಸತ್ತ ಮಂಗ ಕಂಡರೆ ಮಾತ್ರ ಹತ್ತಿರ ಹೋಗಬಾರದು. ಮೈ ತಣ್ಣಗಾದ ಮೇಲೆ ಉಣುಗುಗಳು ಕೆಳಗಿಳಿದು ಸುತ್ತಲೂ ಹರಡಿರುತ್ತವೆ. ದೂರದಿಂದಲೇ ನೋಡಿ ದೊಡ್ಡವರಿಗೆ ತಿಳಿಸಲಿ, ಅವರು ಆಶಾ ಕಾರ್ಯಕರ್ತೆಗೆ ಹೇಳುತ್ತಾರೆ.