ಚಿಕ್ಕಪ್ಪ, ಮೂರನೆಯ ಬ್ಯಾಟರಿ ಕೊಳ್ಳುವ ಮುನ್ನ

ಚಿಕ್ಕಪ್ಪ, ನಮಸ್ಕಾರ. ನಿಮ್ಮ ಹಳೆಯ ಮಾರುತಿ 800 ಕೆಲವು ಬೆಳಿಗ್ಗೆ ಸೆಲ್ಫ್ ಹೊಡೆಯದೆ 'ಟಕ್' ಎಂದು ಸುಮ್ಮನಾಗುತ್ತದೆ, ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಂಕಾಗುತ್ತದೆ, ಮತ್ತೆ ಎರಡು ದಿನ ಏನೂ ಆಗದಂತೆ ಓಡುತ್ತದೆ ಎಂದು ನಿನ್ನೆ ಬರೆದಿದ್ದೀರಿ. ಮೂರನೆಯ ಬ್ಯಾಟರಿ ಕೊಳ್ಳುವುದನ್ನು ದಯವಿಟ್ಟು ಒಂದು ವಾರ ತಡೆಯಿರಿ.

ಸೆಲ್ಫ್‌ಗೂ ಇಂಡಿಕೇಟರಿಗೂ ಹೋಗುವ ವೈರುಗಳು ಬೇರೆ ಬೇರೆಯಾದರೂ, ಕರೆಂಟ್ ಬ್ಯಾಟರಿಯ ಮೈನಸ್‌ಗೆ ಹಿಂತಿರುಗುವುದು ಇಂಜಿನ್ ಮತ್ತು ಬಾಡಿಗೆ ಬಿಗಿದ ಅರ್ತ್ ವೈರಿನ ಮೂಲಕವೇ. ಸಂಬಂಧವಿಲ್ಲದ ಎರಡು ಒಟ್ಟಿಗೆ ಕೈಕೊಟ್ಟಾಗ ನಾನು ಮೊದಲು ಅನುಮಾನಿಸುವುದು ಅದನ್ನೇ. ಮಳೆಗಾಲದ ತೇವಕ್ಕೆ ಆ ಜೋಡಣೆಯೊಳಗೆ ತುಕ್ಕು ಹಿಡಿದರೆ ಸಣ್ಣ ಬಲ್ಬು ಉರಿದೀತು, ಆದರೆ ಸೆಲ್ಫ್ ಕೇಳುವ ನೂರು ಆಂಪಿಯರಿನಷ್ಟು ಕರೆಂಟ್ ಅಲ್ಲಿ ಹಾಯುವುದಿಲ್ಲ. ನಮ್ಮ ಮನೆಯ ಕಾರಿನಲ್ಲಿ ಸೆಲ್ಫ್ ಮೋಟಾರನ್ನೇ ಬದಲಿಸಿದ ಮೇಲೆ, ಪ್ಲಾಸ್ಟಿಕ್ ಹೊದಿಕೆಯೊಳಗೆ ಹಸಿರುಗಟ್ಟಿದ್ದ ಅರ್ತ್ ವೈರ್ ಕಣ್ಣಿಗೆ ಬಿತ್ತು; ಆ ಖರ್ಚು ನಿಮಗೂ ಬರಬಾರದೆಂದೇ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ.

ಮಲ್ಟಿಮೀಟರಿನಲ್ಲಿ (ವೋಲ್ಟ್ ಅಳೆಯುವ ಮೀಟರ್) ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಅದು ಪೂರ್ತಿ ಚಾರ್ಜ್ ಆಗಿದೆ. ಇಂಜಿನ್ ಓಡುವಾಗ 13.8ರಿಂದ 14.4 ಬಂದರೆ ಆಲ್ಟರ್ನೇಟರ್ (ಇಂಜಿನ್ ತಿರುಗಿಸುವ ಜನರೇಟರ್) ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ. ಬಳಿಕ ಕಾರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ (ಅದನ್ನು ಹಿಡಿದ ವೈರಿನ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೇ) ಕೆಂಪು ಕಡ್ಡಿಯನ್ನು ಇಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ, ಚಿಕ್ಕಮ್ಮನಿಗೆ ಕೀ ತಿರುಗಿಸಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಅರ್ತ್‌ನಲ್ಲಿದೆ. ಹೆಡ್‌ಲೈಟ್ ಉರಿಸಿ ಬಾಡಿಯ ಲೋಹದ ಮೇಲೆ ಹೀಗೆಯೇ ನೋಡಿದಾಗ 0.2ಕ್ಕಿಂತ ಕಡಿಮೆ ಇರಬೇಕು.

ಆದರೆ ಕಾರು ಸರಿಯಿರುವ ದಿನ ಅಳೆದು ಪ್ರಯೋಜನವಿಲ್ಲ. ಮೀಟರ್ ಕಾರಿನಲ್ಲೇ ಇರಲಿ. 'ಟಕ್' ಎಂದ ಕೂಡಲೇ, ಕ್ಲಾಂಪನ್ನು ಅಲ್ಲಾಡಿಸುವ ಮೊದಲೇ ಅಳೆಯಿರಿ, ಏಕೆಂದರೆ ಒಮ್ಮೆ ಅಲ್ಲಾಡಿಸಿದರೆ ದೋಷ ತಾತ್ಕಾಲಿಕವಾಗಿ ಮರೆಯಾಗಿಬಿಡುತ್ತದೆ.

ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಗುಲಿ ಶಾರ್ಟ್ ಆಗುವ ಅಪಾಯವಿದೆ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ, ಬ್ಯಾಟರಿಯೊಳಗೆ ಹನಿಯೂ ಇಳಿಯದಂತೆ ತೊಳೆಯಿರಿ. ಜೋಡಣೆಗಳನ್ನು ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ.

'ಟಕ್' ಎಂದಾಗಲೂ ಅರ್ತ್ ಸರಿಯಿದ್ದರೆ, ಬ್ಯಾಟರಿಯ ಪ್ಲಸ್ ಕಂಬಕ್ಕೂ ಸೆಲ್ಫ್‌ನ ದಪ್ಪ ವೈರಿನ ಬೋಲ್ಟಿಗೂ ನಡುವೆ ಅದೇ ರೀತಿ ಅಳೆದು, ಬಂದ ಅಂಕಿಗಳನ್ನು ಇಲ್ಲಿ ಬರೆಯಿರಿ. ಸೊಲೆನಾಯ್ಡ್ (ಕೀ ತಿರುಗಿಸಿದಾಗ ಸೆಲ್ಫ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಬಿಚ್ಚಬೇಕೇ ಎಂಬುದನ್ನು ಆಗ ನೋಡೋಣ.